ಅಕ್ಕಲಕೋಟದಾಗ ಚೆನ್ನಮ್ಮನ ಕುದರಿ ಪುತ್ಥಳಿ ಬೇಕೋ ಬ್ಯಾಡೋ?

ಪರ

ಬೇಕು, ಬೇಕೇಬೇಕು. ಹುಬ್ಬಳ್ಳ್ಯಾಗ ಚೆನ್ನಮ್ಮ ಸರ್ಕಲ್‌ಗೆ ಹೋದ್ರ ಕುದರಿ ಮ್ಯಾಲ ರಾಣಿ ಕಾಣಸ್ತಾಳ, ಇಲ್ಲಿ ಮಹಾರಾಷ್ಟ್ರದ ಗಡ್ಯಾಗಿನ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆ ಮನ್ಯಾಗ ಕನ್ನಡ ಮಾತಾಡೋ ಹುಡುಗ್ರಿಗೆ ಆಕಿ ಯಾರಂತ ತೋರಿಸ್ಬೇಕಂದ್ರ ಮೊಬೈಲೇ ಗತಿ. 1857ಕ್ಕಿಂತ 33 ವರ್ಷ ಮೊದಲ, 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ ಮಂದಿ ಕಂಪನಿ ಸೈನ್ಯಾನ ಸೋಲಿಸಿದ್ರು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ, ದತ್ತುಮಗನ ಒಪ್ಪಂಗಿಲ್ಲ ಅಂದವ್ರಿಗೆ ಗಂಡ ಸತ್ತ ಒಬ್ಬ ಹೆಣಮಗಳು ಕೊಟ್ಟ ಉತ್ತರ ಅದು. ಕುದರಿನೇ ಯಾಕಂದ್ರ ಆಕಿ ಮಾಡಿದ್ದು ಯುದ್ಧ, ಅದು ಮೂರ್ತಿ ನೋಡಿದ ಕೂಡ್ಲೆ ಗೊತ್ತಾಗ್ಬೇಕು. ಚೌಕದಾಗ ಕುದರಿ ಮ್ಯಾಲ ಕುಂತ ಹೆಣ್ಣು ನೋಡಿ ನಮ್ಮ ಹುಡಿಗ್ಯಾರು ಬೆಳೀಬೇಕು ರೀ. ಶಿವಾಜಿ ಮಹಾರಾಜ್ರ ಊರೂರಿನ ಪುತ್ಥಳಿ ಜೋಡಿ ಈಕಿದೂ ಒಂದಿದ್ರ ಯಾರ ಮಾನಾನೂ ಕಮ್ಮಿ ಆಗಂಗಿಲ್ಲ.

ವಿರೋಧ

ಚೆನ್ನಮ್ಮನ ಮ್ಯಾಲ ನನಗೂ ಅಷ್ಟ ಭಕ್ತಿ ಅದ, ಆದ್ರ ಪುತ್ಥಳಿ ಬ್ಯಾಡ. 2021ರ ಡಿಸೆಂಬರ್‌ದಾಗ ಏನಾತು ನೆನಪ್ ಮಾಡ್ಕೋರಿ, ಬೆಂಗಳೂರಾಗ ಶಿವಾಜಿ ಪುತ್ಥಳಿಗೆ ಮಸಿ ಬಳದ್ರು, ಬೆಳಗಾವ್ಯಾಗ ರಾಯಣ್ಣನ ಮೂರ್ತಿ ಒಡದ್ರು, ಗಡ್ಯಾಗ ಇರೋ ನಮಗ ಅದರ ಬಿಸಿ ಮೊದಲ ತಟ್ಟತದ, ನಾಳೆ ಯಾವನೋ ರಾತ್ರ್ಯಾಗ ಬಂದು ಚೆನ್ನಮ್ಮನ ಮೂರ್ತಿಗೆ ಕೈ ಹಚ್ಚಿದ್ರ ಮರಾಠಿ ಮಾತಾಡೋ ಬಾಜೂ ಮನಿಯವ್ರ ಜೋಡಿ ನಾವು ಯಾಕ ಮುಖ ಕೆಡಿಸ್ಕೋಬೇಕು?

ಕಾಯೋದೂ ಸುಮ್ನಲ್ಲ. ಮಾಲವಣದಾಗ 2023ರ ಡಿಸೆಂಬರ್‌ಕ್ಕ ಅನಾವರಣ ಆದ 35 ಅಡಿ ಶಿವಾಜಿ ಪುತ್ಥಳಿ 2024ರ ಆಗಸ್ಟ್‌ನ್ಯಾಗ ಬಿತ್ತು, ಒಂಬತ್ತ್ ತಿಂಗಳೂ ನಿಲ್ಲಲಿಲ್ಲ. ಮುಂಗಾಲು ಎತ್ತಿದ ಕುದರಿ ಅಂದ್ರಂತೂ ಪೂರಾ ಭಾರ ಎರಡ ಹಿಂಗಾಲಿನ ಮ್ಯಾಲ, ಒಳಗಿನ ಕಬ್ಬಿಣ ತುಕ್ಕ ಹಿಡದ್ರ ಹೊರಗ ಕಾಣಂಗಿಲ್ಲ, ಹಾರ ಹಾಕಾಕ ಎಲ್ಲಾರೂ ಬರ್ತಾರ, ಅದನ್ನ ನೋಡಾಕ ಯಾರ್ ಬರ್ತಾರ?

ನನಗ ಎಲ್ಲಕಿಂತ ಚುಚ್ಚೋದು ಮಲ್ಲಪ್ಪ ಧನಶೆಟ್ಟಿ ವಿಚಾರ. 1930ರ ಮೇ ತಿಂಗಳದಾಗ ಸೊಲ್ಲಾಪುರದ ಮಂದಿ ಬ್ರಿಟಿಷ್ರ ವಿರುದ್ಧ ಎದ್ದು ಮಾರ್ಷಲ್ ಲಾ ಬಂತು, 1931ರ ಜನವರಿ 12ಕ್ಕ ಯರವಡಾ ಜೇಲಿನ್ಯಾಗ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನೂ ಗಲ್ಲಿಗೇರಿಸಿದ್ರು. ಇವ್ರಿಗೆ ಕುದರಿ ಇಲ್ಲ, ಕತ್ತಿ ಇಲ್ಲ, ಕುದರಿ ಇದ್ದವ್ರೇ ವೀರರು ಅಂತ ಹುಡುಗ್ರ ತಲ್ಯಾಗ ಕುಂತ್ರ ನಮ್ಮ ಜಿಲ್ಲಾದ ಈ ನಾಲ್ವರು ಎಲ್ಲಿ ಹೋಗ್ಬೇಕು?

ಆ ರೊಕ್ಕದಾಗ ಕನ್ನಡ ಸಾಲಿಗೆ ಚೆನ್ನಮ್ಮನ ಹೆಸರಿಲೆ ಒಂದು ಗ್ರಂಥಾಲಯ ಕಟ್ರಿ, ಪಠ್ಯದಾಚೆ ಓದಾಕ ಹುಡುಗ್ರಿಗೆ ಕನ್ನಡ ಪುಸ್ತಕ ಸಿಗಲಿ, ಅಲ್ಲೇ ಈ ನಾಲ್ವರ ಕಥಿನೂ ಇರಲಿ. ಪುತ್ಥಳಿಗೆ ವಂತಿಗಿ ಕೇಳಾಕ ಬಂದ್ರ ನಾ ಕೊಡಂಗಿಲ್ಲ, ಗ್ರಂಥಾಲಯಕ್ಕ ಕೇಳ್ರಿ, ಅವತ್ತೇ ಕೊಡ್ತೀನಿ.