ಇಪ್ಪತ್ತನೆಯ ಮನೆಗೆ ಇಪ್ಪತ್ತು ಬಿಲ್ಲು

ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಹಡಿಗೆ 9ರಂತೆ 36 ಮನೆಗಳಿವೆ. ಸಂಘದ ಖಜಾಂಚಿಗಿರಿ ಯಾರಿಗೂ ಬೇಡವಾಗಿ, "ನೀವು ಹೇಗೂ ಕಂಪ್ಯೂಟರಿನವರು" ಎಂಬ ಒಂದೇ ಅರ್ಹತೆಯ ಮೇಲೆ ನನ್ನ ಕೊರಳಿಗೆ ಬಿದ್ದಿತು. ನಿರ್ವಹಣಾ ಶುಲ್ಕ, ಟ್ಯಾಂಕರ್ ನೀರಿನ ಪಾಲು, ಹಳೆಯ ಬಾಕಿ ಎಲ್ಲವನ್ನೂ ನಮೂದಿಸಿದ ಬಿಲ್ಲನ್ನು ತಿಂಗಳು ತಿಂಗಳೂ ಮನೆ ಮನೆಗೆ ಇಮೇಲಿನಲ್ಲಿ ಲಗತ್ತಿಸಿ ಕಳಿಸುವುದು ಕಂಪ್ಯೂಟರಿನವನ ಘನತೆಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ, ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕುಳಿತೆ. ಕೈಯಿಂದ ಕಳಿಸಿದ್ದರೆ ಅದು ಒಂದು ಗಂಟೆಯ ಕೆಲಸ. ನನಗೆ ಎರಡು ಭಾನುವಾರ ಹಿಡಿದವು.

ಮೊದಲು ಎದುರಾದದ್ದು 535 ಎಂಬ ದೋಷಸಂಖ್ಯೆ. ನನ್ನ ಪಾಸ್‌ವರ್ಡ್ ಸರಿಯಾಗಿಯೇ ಇತ್ತು, ಆದರೆ ಪ್ರೋಗ್ರಾಮಿಗೆಂದು ಬೇರೆಯದೇ ಆ್ಯಪ್ ಪಾಸ್‌ವರ್ಡ್ ಪಡೆಯಬೇಕಿತ್ತು. ಅದಾದ ಮೇಲೆ, ಕಣ್ಣೆದುರಿಗೇ ಇದ್ದ ಕಡತವನ್ನು ಪ್ರೋಗ್ರಾಂ "ಇಲ್ಲ" ಎಂದು ಸಾಧಿಸಿತು. ಪೂರ್ತಿ ವಿಳಾಸ ಕೊಟ್ಟ ಮೇಲೆ ಒಪ್ಪಿಕೊಂಡಿತು.

ಪರೀಕ್ಷೆಗೆಂದು ಹೆಂಡತಿಗೆ ಒಂದು ಬಿಲ್ಲು ಕಳಿಸಿದೆ. ಅಡುಗೆಮನೆಯಿಂದಲೇ ಕೂಗಿದಳು: "ಏನ್ರೀ ಇದು, ಬಿಲ್ಲು ಕಳಿಸ್ತೀನಿ ಅಂತ ಬೀಜಾಕ್ಷರ ಕಳಿಸಿದ್ದೀರಲ್ಲ!" ಹೋಗಿ ನೋಡಿದರೆ ಮೊಬೈಲಿನ ತುಂಬ ಜೆ, ವಿ, ಬಿ, ಇ, ಆರ್ ಎಂದು ಆರಂಭವಾಗಿ ಕೊನೆಯೇ ಇಲ್ಲದಂತೆ ಇಳಿಯುತ್ತಿದ್ದ ಅಕ್ಷರಗಳು. ಅದೂ ಬಿಲ್ಲೇ. ಇಮೇಲ್ ಹುಟ್ಟಿದ್ದು ಸರಳ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸುವುದಕ್ಕಾಗಿ. ಚಿತ್ರ, ಪಿಡಿಎಫ್ ಮುಂತಾದವು ಇಂದಿಗೂ ಸಾಮಾನ್ಯವಾಗಿ ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳ ವೇಷ ತೊಟ್ಟೇ ಪ್ರಯಾಣ ಮಾಡುತ್ತವೆ, ಮತ್ತು ಪಿಡಿಎಫ್‌ಗಳೆಲ್ಲ ಈ ವೇಷದಲ್ಲಿ ಜೆ-ವಿ-ಬಿ-ಇ-ಆರ್ ಎಂದೇ ಶುರುವಾಗುತ್ತವೆ. ಬಂದದ್ದು ವೇಷವೆಂದು ತಿಳಿಸುವ ಒಂದು ಸಾಲನ್ನು ತಲೆಬರಹದಲ್ಲಿ ಸೇರಿಸಲು ನಾನು ಮರೆತಿದ್ದೆ. 1992ರ ಮಾರ್ಚ್ 11ರಂದು ನಥಾನಿಯಲ್ ಬೋರೆನ್‌ಸ್ಟೀನ್ ಎಂಬಾತ ಇಮೇಲಿಗೆ ಚಿತ್ರ, ಧ್ವನಿ ಮುಂತಾದವನ್ನು ಲಗತ್ತಿಸುವ ಇಂದಿನ ಮೈಮ್ ಪದ್ಧತಿಯಲ್ಲಿ ಮೊಟ್ಟಮೊದಲ ಲಗತ್ತುಗಳನ್ನು ಕಳಿಸಿದಾಗ, ಅವುಗಳಲ್ಲಿ ಆತನ ಗಾಯನ ತಂಡದ ಫೋಟೋ ಮತ್ತು ಹಾಡು ಇದ್ದವಂತೆ. ಟ್ಯಾಂಕರ್ ನೀರಿನ ಬಾಕಿ ಇರಲಿಲ್ಲವಾದ್ದರಿಂದ ಯಾರೂ ಆತನನ್ನು ಬೈದಿರಲಾರರು.

ಆ ಸಾಲನ್ನು ಸೇರಿಸಿ, ಭಾನುವಾರ ರಾತ್ರಿ ಎಲ್ಲರಿಗೂ ಕಳಿಸುವ ಆಜ್ಞೆ ಕೊಟ್ಟು ನೆಮ್ಮದಿಯಿಂದ ಕುಳಿತೆ. 101, 102, 103 ಎಂದು ಸಾಗುತ್ತಿದ್ದ ಪ್ರೋಗ್ರಾಂ ಮೊದಮೊದಲು ಚುರುಕಾಗಿದ್ದು, ಬರಬರುತ್ತ ಹಬ್ಬದ ಮರುದಿನದ ಅಡುಗೆಯವನಂತೆ ಏದುಸಿರು ಬಿಡತೊಡಗಿ, 303ರ ಬಳಿ 552 ಎಂದು ಕೈಚೆಲ್ಲಿತು. ಗಾತ್ರ ಮಿತಿ ಮೀರಿದೆ ಎಂಬುದು ಅದರ ಅರ್ಥ. ನಮ್ಮ ಸರ್ವರಿನ ಮಿತಿ 25 ಎಂಬಿ. ಒಂದು ಬಿಲ್ಲು, ಅಧ್ಯಕ್ಷರು ಹಟ ಹಿಡಿದು ಹಾಕಿಸಿದ ಕಟ್ಟಡದ ಬಣ್ಣದ ಚಿತ್ರವನ್ನೂ ಸೇರಿಸಿ, 900 ಕೆಬಿ. ಮೂರು ಬೈಟು ನಾಲ್ಕು ಅಕ್ಷರವಾಗುವ ಬೇಸ್64ನಲ್ಲಿ ಅದು ಉಬ್ಬಿದರೂ 1.2 ಎಂಬಿ ಆದೀತಷ್ಟೆ. ಉಳಿದದ್ದೆಲ್ಲ ಎಲ್ಲಿಂದ ಬಂತು?

ಕಳಿಸಿದ ಪತ್ರಗಳನ್ನು ತೆರೆದಾಗ ಕೈಕಾಲು ತಣ್ಣಗಾದವು. ಪ್ರತಿ ಮನೆಗೂ ಹೊಸ ಪತ್ರ ಸೃಷ್ಟಿಸುವ ಸಾಲನ್ನು ಲೂಪಿನ, ಅಂದರೆ ಮನೆ ಮನೆಗೂ ಮರುಕಳಿಸುವ ಭಾಗದ, ಒಳಗೆ ಬರೆಯುವ ಬದಲು ಹೊರಗೆ ಬರೆದಿದ್ದೆ. ವಿಳಾಸವನ್ನು ಪ್ರತಿ ಸಲ ಅಳಿಸಿ ಬರೆಯುವ ಜಾಣತನ ನನಗಿತ್ತು. ಲಗತ್ತನ್ನು ಅಳಿಸುವ ಜಾಣತನ ಇರಲಿಲ್ಲ. ಹೀಗಾಗಿ 101ಕ್ಕೆ ಒಂದು ಬಿಲ್ಲು, 102ಕ್ಕೆ ಎರಡು, ಇಪ್ಪತ್ತನೆಯದಾದ 302ಕ್ಕೆ ಇಪ್ಪತ್ತು. ಒಟ್ಟು 210 ಬಿಲ್ಲುಗಳು ಹೊರಟುಹೋಗಿದ್ದವು. ಹದಿಮೂರನೆಯ ಮನೆ 204, ಅಂದರೆ ನನ್ನದೇ. ಖಜಾಂಚಿಯೇ ಮೂರು ತಿಂಗಳ ಬಾಕಿ ಉಳಿಸಿಕೊಂಡಿರುವ ಸಂಗತಿ ನನ್ನ ನಂತರದ ಏಳೂ ಮನೆಗಳಿಗೆ ಲಿಖಿತವಾಗಿ ತಲುಪಿತ್ತು.

ಬೆಳಿಗ್ಗೆ ಆರೂವರೆಗೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ 302ರ ನಿವೃತ್ತ ಬ್ಯಾಂಕ್ ಮ್ಯಾನೇಜರರು, ಕೈಯಲ್ಲಿ ಪಿನ್ ಹೊಡೆದ ಇಪ್ಪತ್ತು ಹಾಳೆಗಳು, ಅಂಚಿನಲ್ಲೆಲ್ಲ ಕೆಂಪು ಶಾಯಿಯ ಗುರುತುಗಳು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರುಮಾಡಿದರು:

"107ರಲ್ಲಿ ಟ್ಯಾಂಕರ್ ಹಣ ಎರಡು ಸಲ ಹಾಕಿದ್ದೀರಿ, ಸರಿಮಾಡಿ. ನಿಮ್ಮ ಬಾಕಿಯ ವಿಷಯ ಆಮೇಲೆ ಮಾತಾಡೋಣ. ಮಿಕ್ಕ 16 ಯಾವಾಗ ಕಳಿಸ್ತೀರಿ?"