ನಮ್ಮ ಮಳೆಗಾಲದ ಬಾನಿಗೆ ನೀಲಿ ಬಳಿಯಬೇಡಿ

ಮಲೆನಾಡಿನ ಮಳೆಗಾಲ ಅಂತ ಹಾಕುವ ರೀಲ್ಸ್ ಬಗ್ಗೆ ನನ್ನದೊಂದು ತಕರಾರಿದೆ. ಆಕಾಶ ಯಾಕೆ ಅಷ್ಟು ನೀಲಿ? ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯವರನ್ನು ಕೇಳಿ ನೋಡಿ. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬೆಳಗ್ಗೆ ಹತ್ತಕ್ಕೂ, ಸಂಜೆ ನಾಲ್ಕಕ್ಕೂ ಒಂದೇ ಬೆಳಕು. ಆದರೆ ರೀಲ್ಸ್‌ನವರು ಮೋಡ ಒರೆಸಿ, ಗದ್ದೆಗೆ ಇಲ್ಲದ ಹಸಿರು ತುಂಬಿ, ಹಿಂದೆ ಒಂದು ಸಿನಿಮಾ ಹಾಡು ಹಾಕಿಬಿಡುತ್ತಾರೆ. ಅದು ಯಾವ ಊರೋ ಏನೋ, ನಮ್ಮೂರಂತೂ ಅಲ್ಲ.

ಹಾಡು ಬರೆಯುವವರಿಗೂ ನೀಲಿ ಬಾನು ಅಂದರೆ ಸಲೀಸು. ಕಣ್ಣು ಹೊಗಳಲಿಕ್ಕೂ ಅದೇ, ಪ್ರಾಸ ಸಿಗದಿದ್ದಾಗಲೂ ಅದೇ.

ನಮ್ಮ ಮಳೆಗಾಲದಲ್ಲಿ ನೀಲಿ ಇರುವುದು ಅಡಿಕೆ ತೋಟದಲ್ಲಿ. ಅಡಿಕೆಗೆ ಕೊಳೆರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಆ ಡ್ರಮ್ಮಿನಲ್ಲಿ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು ಕೋಲಿನಲ್ಲಿ ತಿರುಗಿಸುತ್ತಿದ್ದರೆ ಚೆಂದದ ತಿಳಿನೀಲಿ ಏಳುತ್ತದೆ. ಮರ ಹತ್ತಿದವರ ಅಂಗಿ, ಉಗುರಿನ ಸಂದು, ಕೆಳಗಿನ ಏಲಕ್ಕಿ ಎಲೆ, ಎಲ್ಲ ಅದೇ ಬಣ್ಣ. ಅದನ್ನು ಹೊಡೆಯಬೇಕಾದರೆ ಮಳೆ ಹೊಳವಾಗಬೇಕು, ಅಂದರೆ ಸ್ವಲ್ಪ ಬಿಡುವು ಕೊಡಬೇಕು. ಹಾಗಾಗಿ ಮನೆಮಂದಿಯೆಲ್ಲ ಜಗಲಿಗೆ ಬಂದು ಮೇಲೆ ನೋಡುವುದೇ ಕೆಲಸ. ಮೋಡ ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿತಾ? ಗುಡ್ಡದ ನೆತ್ತಿ ಬಿಡ್ತಾ? "ಇವತ್ತಾದ್ರೂ ಹೊಳವಾಗ್ತದಾ ಮಾರಾಯ?" ಅಂತ ಪಕ್ಕದ ತೋಟದವರು ಕೂಗಿ ಕೇಳುತ್ತಾರೆ. ಆರಿದ್ರಾ ಮಳೆಯ ಮೋಡ ಬೇರೆ, ಪುಷ್ಯದ ಮೋಡ ಬೇರೆ. ಹೊರಗಿನವರಿಗೆ ಒಂದೇ ಆಗಿ ಕಾಣುವ ಬೂದಿನಲ್ಲಿ ಇವರಿಗೆ ಇಷ್ಟೆಲ್ಲ ಬಗೆ ಕಾಣುತ್ತದೆ. ಇದರ ಮೇಲೆ ಒಂದು ಸಿನಿಮಾ ಹಾಡು ನಾನಿನ್ನೂ ಕೇಳಿಲ್ಲ.

ಬಣ್ಣದ ಹೆಸರು ಹೇಳಿದ ಮಾತ್ರಕ್ಕೆ ಹಾಡಿಗೆ ಬಣ್ಣ ಬರುವುದಿಲ್ಲ. 1967ರ ‘ಬೆಳ್ಳಿಮೋಡ’ ಕಪ್ಪು ಬಿಳುಪು ಚಿತ್ರ. ಬೇಂದ್ರೆಯವರ ‘ಬೆಳಗು’ ಕವಿತೆ ಅದರಲ್ಲಿದೆ. ವಿಜಯಭಾಸ್ಕರ್ ಸಂಗೀತ, ಎಸ್. ಜಾನಕಿ ಅವರ ದನಿ. ತೆರೆಯ ಮೇಲೆ ಒಂದು ತೊಟ್ಟು ಬಣ್ಣವಿಲ್ಲ. ಆದರೂ ಕೇಳುತ್ತಾ ಹೋದಂತೆ ಮೂಡಣದಲ್ಲಿ ಬೆಳಕು ಕರಗಿ ಹರಿಯುವುದು ಕಾಣುತ್ತದೆ. ಬೆಳಕು ಏನು ಮಾಡುತ್ತಿದೆ ಅಂತ ಕವಿ ನೋಡಿದ್ದಾರೆ, ಅದಕ್ಕೇ. ನಮ್ಮ ಕುವೆಂಪು ಸಿಬ್ಬಲುಗುಡ್ಡೆಯ ಹತ್ತಿರ ತುಂಗೆಯ ಮೇಲೆ ಸಾಲಾಗಿ ಹಾರಿದ ಹಕ್ಕಿಗಳನ್ನು ಕಂಡು, ದೇವರೇ ಬಾನಿನಲ್ಲಿ ರುಜು ಹಾಕಿದ ಅಂದರು. ಅದೂ ಹಾಗೆ ನಿಂತು ನೋಡಿದವರಿಗೆ ಮಾತ್ರ ಹೊಳೆಯುವಂಥದ್ದು.

ಸಾಗರ, ಸೊರಬದ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಅಷ್ಟರಲ್ಲೇ ಮದುವೆ ಮನೆ ತುಂಬಿಬಿಡುತ್ತದೆ. ನೀಲಿ ಇಲ್ಲ ಅಂತ ಯಾರಿಗೂ ಕೊರತೆ ಅನಿಸಿಲ್ಲ.

2006ರ ‘ಮುಂಗಾರು ಮಳೆ’ ಜನಕ್ಕೆ ಅಷ್ಟು ಹಿಡಿಸಿದ್ದಕ್ಕೆ ಹಾಡುಗಳ ಜೊತೆ ಅದರ ಮೋಡವೂ ಕಾರಣ ಅಂತ ನನ್ನ ನಂಬಿಕೆ. ಮಳೆ ಮಳೆಯಾಗಿಯೇ ಇತ್ತು, ಮಂಕು ಬಾನನ್ನು ಮುಚ್ಚಿಡಲಿಲ್ಲ. ಆಮೇಲೆ ಬಂದವರು ಮಳೆ ಉಳಿಸಿಕೊಂಡರು, ಬಣ್ಣ ಮಾತ್ರ ಕಂಪ್ಯೂಟರಿನಲ್ಲಿ ಬದಲಾಯಿಸಿದರು.

ನೀಲಿಯ ಮೇಲೆ ನನಗೇನೂ ಕೋಪವಿಲ್ಲ. ಅದಕ್ಕೂ ನಮ್ಮಲ್ಲಿ ಕಾಲ ಇದೆ. ದೀಪಾವಳಿ ಹೊತ್ತಿಗೆ ಬನ್ನಿ. ಮಳೆ ಗಾಳಿಯ ಧೂಳನ್ನೆಲ್ಲ ತೊಳೆದಿರುತ್ತದೆ, ಹಾಗಾಗಿ ಆಗಿನ ನೀಲಿಗೆ ಫಿಲ್ಟರ್ ಬೇಕಿಲ್ಲ. ಆಗುಂಬೆಯ ಸೂರ್ಯಾಸ್ತವೂ ಚಳಿಗಾಲದ್ದೇ ಚೆಂದ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಜಾಗಕ್ಕೆ ಜುಲೈನಲ್ಲಿ ಬಂದು, ಸೂರ್ಯ ಕಾಣಲಿಲ್ಲ ಅಂತ ಸಿಟ್ಟಾಗಿ ಹೋಗುವವರಿದ್ದಾರೆ. ಎದುರಿಗೆ ಘಾಟಿ ತುಂಬ ಮಂಜು ಏಳುತ್ತಿರುತ್ತದೆ, ಅದನ್ನು ನೋಡುವುದೇ ಇಲ್ಲ.

ಶಿವಮೊಗ್ಗದಲ್ಲಿ ಈಗ ಎಷ್ಟೊಂದು ಹುಡುಗ ಹುಡುಗಿಯರು ಸ್ವಂತವಾಗಿ ಹಾಡು ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ನಿಮ್ಮನ್ನೇ ಕೇಳ್ತಿರೋದು. ಒಂದು ಹಾಡನ್ನು ಪುಷ್ಯ ಮಳೆಯಲ್ಲಿ ಚಿತ್ರೀಕರಿಸಿ. ಬಣ್ಣ ತಿದ್ದಬೇಡಿ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ತೆಗೆಯಬೇಡಿ. ಲಿಂಕ್ ಇಲ್ಲಿ ಹಾಕಿ, ಮೊದಲು ನಾನೇ ಶೇರ್ ಮಾಡುತ್ತೇನೆ.