ದಪ್ಪ ಕೋರ್ ನಮ್ಮ ಬಿಸಿಲಿಗೆ ನಡೆಯಂಗಿಲ್ಲ

ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಧನ) ಇರೋ ಗಾಡಿಗೆ ಹೀಟ್ ಎಕ್ಸ್‌ಚೇಂಜರ್, ಅಂದ್ರ ಆ ಒತ್ತಿದ ಗಾಳಿ ತಂಪು ಮಾಡೋ ಇಂಟರ್‌ಕೂಲರಿನ ನೀರನ್ನ ಆರಿಸೋ ರೇಡಿಯೇಟರಿನಂಥ ಭಾಗ, ಎಷ್ಟು ದಪ್ಪ ಇದ್ರ ಅಷ್ಟು ಛಲೋ ಅಂತ ಬರೆದೀರಿ. ಮೇ ತಿಂಗಳದಾಗ ಕಲಬುರಗಿಗೆ ಬಂದು ಹೇಳ್ರಿ ಈ ಮಾತು. ಹೊರಗ 42 ಡಿಗ್ರಿ ಇದ್ದಾಗ ಇಂಟರ್‌ಕೂಲರ್ ನೀರು ಅದಕ್ಕಿಂತ ತಂಪು ಆಗೋದೇ ಇಲ್ಲ, ಎಕ್ಸ್‌ಚೇಂಜರ್‌ಗೆ ಎಷ್ಟು ರೊಕ್ಕ ಸುರಿದ್ರೂ (ನೀರಿಗೆ ಐಸ್ ತುಂಬೋರ, ಎಸಿಯಿಂದ ನೀರು ತಂಪು ಮಾಡೋರ ಮಾತು ಬ್ಯಾರೆ). ದಪ್ಪ ಕೋರಿನಿಂದ (ಎಕ್ಸ್‌ಚೇಂಜರಿನ ಒಳಗಿನ ಜಾಲರಿ) ಗಾಳಿ ದಾಟೋದೇ ಕಷ್ಟ, ದಾಟಿದ್ದೂ ಕಾದು ಹಿಂದಿನ ಎಸಿ ಕಂಡೆನ್ಸರ್, ರೇಡಿಯೇಟರ್‌ಗೆ ಬಡೀತದ. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ನ್ಯಾಗ ನಿಂತ್ರ ಎಸಿ ಕೈ ಕೊಡ್ತದ. ತೆಳ್ಳಗಿದ್ದು, ಗ್ರಿಲ್ಲಿನ ಅಗಲಕ್ಕ ಸರಿಯಾಗಿ ಎದುರು ಕೂಡೋ ಕೋರ್ ತಗೋರಿ. ಫಿನ್ (ಕೋರಿನ ತೆಳು ತಗಡಿನ ಪಟ್ಟಿ) ಭಾಳ ಒತ್ತೊತ್ತಾಗಿರೋದು ಬ್ಯಾಡ. ಶಹಾಬಾದ್ ರೋಡಿನ ಕಲ್ಲುಪುಡಿ ಧೂಳು ಒಳಗ ಮೆತ್ಕೊಂಡ್ರ ನೀರು ಹೊಡೆದ್ರೂ ಬಿಡಂಗಿಲ್ಲ.

ಈ ನೀರು ತಿರುಗಿಸೋ ಪಂಪಿನ ಬಗ್ಗೆ ಒಂದು ಸಾಲೂ ಬರೆದಿಲ್ಲ ನೀವು! ಸೋತ ಪಂಪಿಗೆ ದೊಡ್ಡ ಎಕ್ಸ್‌ಚೇಂಜರ್ ಜೋಡಿಸಿದ್ರ ನೀರು ಓಡಂಗಿಲ್ಲ, ಬಿಸಿ ಅಲ್ಲೇ ಕುಂತಿರ್ತದ. ನೀರಿಗೆ ಅರ್ಧಕ್ಕರ್ಧ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂಗ ತಡೆಯೋ ದ್ರವ) ಹಾಕ್ರಿ ಅಂತ ನೀವು ಅಂದದ್ದು ಹಿಮ ಬೀಳೋ ದೇಶದ ಲೆಕ್ಕ. ಬಿಸಿ ಹೊತ್ಕೊಂಡು ಹೋಗೋದ್ರಾಗ ನೀರೇ ಮುಂದ. ಇಲ್ಲಿ ಡಿಸ್ಟಿಲ್ಡ್ ವಾಟರ್ ಜಾಸ್ತಿ ಹಾಕಿ, ತುಕ್ಕು ಹಿಡೀದಂಗ ಬೇಕಾದಷ್ಟು ಕೂಲಂಟ್ ಬೆರೆಸಿದ್ರ ಸಾಕು. ಬೋರಿನ ನೀರು ಮಾತ್ರ ಹಾಕಬ್ಯಾಡ್ರಿ, ಸುಣ್ಣ ಕಟ್ತದ.